ಪತ್ತನಾಜೆಗೆ ಮೊದಲು ಬೈಕ್: ಮನೆಯಲ್ಲಿ ಎಲ್ಲಿಯವರೆಗೆ ಬಿಚ್ಚಬಹುದು?

ತುಳುವರ ಬೇಷ ತಿಂಗಳ ಹತ್ತಕ್ಕೆ ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮಗಳು ನಿಲ್ಲುತ್ತವೆ, ಕಾಸರಗೋಡಿನ ತೋಟದ ಮನೆಗಳಲ್ಲಿ ಮಳೆಗಾಲದ ತಯಾರಿ ಜೋರಾಗುತ್ತದೆ. ಸೌದೆ ಒಳಗೆ ಸೇರಬೇಕು, ಮಾಡಿನ ಒಡೆದ ಹಂಚು ಬದಲಾಗಬೇಕು, ಅಂಗಳದ ಅಡಕೆ ಮೇಲೇಳಬೇಕು, ಕೊಳೆರೋಗದ ಮದ್ದಿಗೆ ಮೈಲುತುತ್ತು ಮತ್ತು ಸುಣ್ಣ ಬಂದು ಬೀಳಬೇಕು. ಇಷ್ಟನ್ನೂ ನೆನಪಿಟ್ಟು ಮಾಡುವ ಮನೆಯಲ್ಲಿ ಬೈಕು ಮಾತ್ರ ಇದ್ದ ಹಾಗೇ ಇರುತ್ತದೆ. ಸೊಸೈಟಿಗೆ, ಪೇಟೆಗೆ, ಆಸ್ಪತ್ರೆಗೆ, ಮಕ್ಕಳನ್ನು ಶಾಲೆಗೆ ಬಿಡಲು ಅದೇ ಬೇಕು. ಆದರೂ ಅದರ ನೆನಪಾಗುವುದು ಮೊದಲ ಮಳೆಗೆ ಬ್ರೇಕ್ ಕಿರುಗುಟ್ಟಿದಾಗ.

ನಮ್ಮ ಜಿಲ್ಲೆ ಬೈಕಿಗೆ ಸುಲಭದ ಜಾಗವಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಕಡಲ ಉಪ್ಪುಗಾಳಿ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲಿಸಿದ ವರ್ಷಗಳಲ್ಲಿ ಆ ದಾರಿಯ ಬೈಕುಗಳ ಏರ್ ಫಿಲ್ಟರ್ ಕೆಂಪು ದೂಳಿನಲ್ಲಿ ಮುಚ್ಚಿಹೋದದ್ದನ್ನು ಸವಾರರೆಲ್ಲ ಕಂಡವರೇ. ಒಳಗೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಆದೂರಿನ ಕಡೆಗೆ ಬಂದರೆ ಮುಖ್ಯರಸ್ತೆಯಿಂದ ಮನೆಗೆ ಇಳಿಯುವ ಚಡಾವುಗಳು. ಮೊದಲು ಕಾಂಕ್ರೀಟು, ಆಮೇಲೆ ಮಣ್ಣು, ಕೊನೆಗೆ ಪಾಚಿ ಹಿಡಿದ ಕೆಂಪುಕಲ್ಲು. ಆ ಇಳಿತದಲ್ಲಿ ಬ್ರೇಕ್ ಹೇಗಿದೆ ಎನ್ನುವುದು ಬಹಳ ದೊಡ್ಡ ಪ್ರಶ್ನೆ.

ಹಾಗಾದರೆ ಮನೆಯಲ್ಲಿ ಎಷ್ಟು ಸರ್ವಿಸ್ ಮಾಡಿಕೊಳ್ಳಬಹುದು? ಹೆಚ್ಚಿನವರು ಇದಕ್ಕೆ ಉತ್ತರ ಹುಡುಕುವುದು ತಮ್ಮ ಧೈರ್ಯದಲ್ಲಿ. ಧೈರ್ಯ ಇಲ್ಲದವರು ಚೈನಿಗೆ ಎಣ್ಣೆ ಬಿಡಲೂ ಗ್ಯಾರೇಜಿಗೆ ಹೋಗುತ್ತಾರೆ. ಧೈರ್ಯ ಇದ್ದವರು ಮೊಬೈಲಿನಲ್ಲಿ ವಿಡಿಯೋ ನೋಡಿ ಎಂಜಿನ್‌ನ ತಲೆ ಬಿಚ್ಚುತ್ತಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಕೈ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಈ ಕೆಲಸದಲ್ಲಿ ನಾನು ತಪ್ಪಿದರೆ ಆ ತಪ್ಪು ನನಗೆ ಎಲ್ಲಿ ಗೊತ್ತಾಗುತ್ತದೆ? ಅಂಗಳದಲ್ಲೇ ಗೊತ್ತಾಗುವಂತಿದ್ದರೆ ಮಾಡಬಹುದು. ಇಳಿತದ ತಿರುವಿನಲ್ಲಿ ಗೊತ್ತಾಗುವಂತಿದ್ದರೆ ಮಾಡಬಾರದು. ಮಾಡುವುದೇ ಆದರೆ, ಅಂಗಳದಲ್ಲೇ ಪರೀಕ್ಷಿಸಿಕೊಳ್ಳುವ ದಾರಿ ತಿಳಿದಿರಬೇಕು.

ಕೈಚಳಕದ ಕೊರತೆ ನಮ್ಮವರಲ್ಲಿ ಇಲ್ಲ. ತೋಟದಲ್ಲಿ ಪಂಪು ನಿಂತರೆ ರಾತ್ರಿಯೇ ಬಿಚ್ಚುತ್ತಾರೆ, ಹುಲ್ಲು ಕತ್ತರಿಸುವ ಮೆಷಿನಿನ ಪ್ಲಗ್ ತೆಗೆದು ಒರೆಸುತ್ತಾರೆ, ಮದ್ದು ಬಿಡುವ ಪಂಪಿನ ವಾಷರ್ ಬದಲಿಸುತ್ತಾರೆ. ಈ ಅನುಭವವೇ ಬೈಕಿನ ವಿಷಯದಲ್ಲಿ ದಾರಿ ತಪ್ಪಿಸುವುದೂ ಉಂಟು. ಪಂಪು ಸರಿಯಾಗದಿದ್ದರೆ ನೀರು ಬರುವುದಿಲ್ಲ, ಅಷ್ಟೇ, ಮತ್ತೆ ಬಿಚ್ಚಿದರಾಯಿತು. ಬೈಕಿನಲ್ಲಿ ಕೆಲವು ತಪ್ಪುಗಳು ಎರಡನೇ ಅವಕಾಶ ಕೊಡುವುದಿಲ್ಲ.

ಬೈಕುಗಳೂ ಮೊದಲಿನಂತಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳು ಮನೆಯಲ್ಲಿ ಬಿಚ್ಚಲು ಒಪ್ಪುವ ಬೈಕುಗಳಾಗಿದ್ದವು. ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲೇ ಎಣ್ಣೆ ಬೆರೆತು ಉರಿಯುವುದರಿಂದ ಸೈಲೆನ್ಸರಿನೊಳಗೆ ಮಸಿ ಕಟ್ಟುತ್ತಿತ್ತು. ಅದನ್ನು ತೆಗೆದು ಕೆರೆಯುವುದು, ಪಾಯಿಂಟ್ ಉಜ್ಜಿ ಸರಿಪಡಿಸುವುದು ಮಾಲೀಕನಿಗೇ ಗೊತ್ತಿರುತ್ತಿದ್ದ ಕೆಲಸ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಫೋರ್ ಸ್ಟ್ರೋಕ್ ಊರಿಗೆಲ್ಲ ಹಬ್ಬಿತು. ಎಂಜಿನ್ ಎಣ್ಣೆ ಬದಲಿಸುವುದೇ ಮುಖ್ಯ ಸರ್ವಿಸ್ ಆಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಬಂದಾಗ ಹೊಸ ಬೈಕುಗಳಿಂದ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಮಾಯವೇ ಆಯಿತು. ಅದರ ಜಾಗಕ್ಕೆ ಇಂಜೆಕ್ಟರ್, ಆಕ್ಸಿಜನ್ ಸೆನ್ಸರ್, ಟ್ಯಾಂಕಿನೊಳಗೆ ಪೆಟ್ರೋಲ್ ಪಂಪು ಬಂದವು. ಅಪ್ಪ ಬಿಚ್ಚುತ್ತಿದ್ದರು ಎಂದು ಮಗನೂ ಬಿಚ್ಚಬಹುದಾದ ಜಾಗ ಈಗ ಕಿರಿದಾಗಿದೆ. ಆದರೆ ಪೂರ್ತಿ ಮುಚ್ಚಿಲ್ಲ.

ಮೊದಲು ಎಣ್ಣೆ. ಮನೆಯಲ್ಲಿ ಮಾಡಲು ಇದರಷ್ಟು ಯೋಗ್ಯ ಕೆಲಸ ಇನ್ನೊಂದಿಲ್ಲ. ಬೈಕಿನಲ್ಲಿ ಒಂದೇ ಎಣ್ಣೆ ಎಂಜಿನ್‌ಗೂ ಗೇರಿಗೂ ಕ್ಲಚ್ಚಿಗೂ ದುಡಿಯುತ್ತದೆ. ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಆದ್ದರಿಂದ ಕಾರಿಗೆ ತಂದು ಮಿಕ್ಕಿದ ಎಣ್ಣೆಯನ್ನು ಬೈಕಿಗೆ ಸುರಿಯಬಾರದು. ಇಂಧನ ಉಳಿಸಲೆಂದು ಜಾರಿಕೆ ಹೆಚ್ಚಿಸಿದ ಕಾರಿನ ಎಣ್ಣೆಗಳಲ್ಲಿ ಬೈಕಿನ ಕ್ಲಚ್ ಜಾರತೊಡಗುತ್ತದೆ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರಬೇಕು. ಅದು ಜಪಾನಿನ ವಾಹನ ಸಂಸ್ಥೆ ಬೈಕಿನ ಕ್ಲಚ್ಚಿಗಾಗಿಯೇ ಮಾಡಿದ ದರ್ಜೆ. 10ಡಬ್ಲ್ಯು-30 ಬೇಕೋ 20ಡಬ್ಲ್ಯು-50 ಬೇಕೋ ಎನ್ನುವುದನ್ನು ಅಂಗಡಿಯವರ ಬಾಯಿಂದ ಕೇಳುವುದಕ್ಕಿಂತ ಬೈಕಿನ ಜೊತೆ ಬಂದ ಪುಸ್ತಕದಲ್ಲಿ ನೋಡುವುದು ಒಳ್ಳೆಯದು. ಎಷ್ಟು ಕಿಲೋಮೀಟರಿಗೊಮ್ಮೆ ಎನ್ನುವುದೂ ಅಲ್ಲೇ ಇದೆ. ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್ ಹೋಗಿ ಬಂದು ನಿಲ್ಲುವ ಬೈಕಿನ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ; ಒಳಗೆ ಕಟ್ಟಿದ ತೇವ ಆರದೆ ಎಣ್ಣೆಗೆ ಸೇರುತ್ತದೆ. ಅಂಥ ಬೈಕಿಗೆ ಕಿಲೋಮೀಟರ್ ತುಂಬದಿದ್ದರೂ ಮಳೆಗಾಲ ಮುಗಿದ ಕೂಡಲೇ ಹೊಸ ಎಣ್ಣೆ ಬೇಕು.

ಎಣ್ಣೆ ಬದಲಿಸುವಾಗ ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ, ಡ್ರೈನ್ ಬೋಲ್ಟಿನಲ್ಲಿ. ಬೋಲ್ಟು ಉಕ್ಕು, ಎಂಜಿನ್‌ನ ಮೈ ಅಲ್ಯೂಮಿನಿಯಂ. ಹಲವು ಸಣ್ಣ ಬೈಕುಗಳಲ್ಲಿ ಈ ಬೋಲ್ಟಿಗೆ ಬೇಕಾದ ಬಿಗಿ 25ರಿಂದ 30 ನ್ಯೂಟನ್ ಮೀಟರ್. ಅಂದರೆ 15 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 20 ಕೆಜಿ ತೂಕ ನೇತುಹಾಕಿದಷ್ಟು ಬಲ. ಅಡಕೆ ಮೂಟೆ ಹೊರುವ ತೋಳಿಗೆ ಇದರ ಎರಡರಷ್ಟು ಹಾಕುವುದು ಏನೂ ಕಷ್ಟವಲ್ಲ. ಹಾಕಿದರೆ ಎಂಜಿನ್‌ನ ಥ್ರೆಡ್ ಹೋಗುತ್ತದೆ. ಆಮೇಲೆ ತೂತು ಕೊರೆದು ಹೊಸ ಥ್ರೆಡ್ ಕೂರಿಸುವ ಖರ್ಚು. ಬೋಲ್ಟನ್ನು ಮೊದಲು ಕೈಬೆರಳಿನಿಂದಲೇ ಪೂರ್ತಿ ತಿರುಗಿಸಬೇಕು, ವಾಷರ್ ಹೊಸದು ಹಾಕಬೇಕು, ಕೊನೆಯ ಬಿಗಿಗೆ ಟಾರ್ಕ್ ಸ್ಪ್ಯಾನರ್ ಬಳಸಬೇಕು. ಮನೆಯಲ್ಲಿ ಸರ್ವಿಸ್ ಮಾಡುವವರು ಹಣ ಹಾಕಬೇಕಾದ ಮೊದಲ ಸಾಧನ ಅದು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಸಾಕು.

ತೆಗೆದ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂಬ ವಿಷಯಕ್ಕೆ ಬರದೆ ಮುಂದೆ ಹೋಗಲು ಮನಸ್ಸಿಲ್ಲ. ತೋಟದ ಬದಿಗೆ ಚೆಲ್ಲುವುದು, ಒರಲೆ ಹತ್ತದಂತೆ ಬೇಲಿಗೂಟಕ್ಕೆ ಬಳಿಯುವುದು ನಮ್ಮಲ್ಲಿ ರೂಢಿ. ಬಾಯಾರು, ಪೈವಳಿಕೆ, ಎಣ್ಮಕಜೆಯ ಕಡೆ ಇಂದಿಗೂ ಎಷ್ಟೋ ಮನೆಗಳಿಗೆ ಕುಡಿಯುವ ನೀರು ಸುರಂಗದಿಂದ ಬರುತ್ತದೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಆ ಸುರಂಗದಲ್ಲಿ ನೀರು ಒಸರುವುದೇ ಕೆಂಪುಕಲ್ಲಿನಲ್ಲಿ ಸಂದುಗಳಿರುವುದರಿಂದ. ನೀರಿಗೆ ದಾರಿ ಕೊಡುವ ಆ ಸಂದುಗಳು ನೀರಿನೊಡನೆ ಇಳಿದು ಬರುವುದಕ್ಕೂ ದಾರಿ ಕೊಡುತ್ತವೆ. ಬಳಸಿದ ಎಣ್ಣೆಯಲ್ಲಿ ಲೋಹದ ಕಣಗಳೂ ಅರೆಬೆಂದ ಇಂಧನದ ವಿಷಗಳೂ ಇರುತ್ತವೆ. ಕೈಚರ್ಮಕ್ಕೂ ಅದು ಒಳ್ಳೆಯದಲ್ಲ, ಕೈಗವಸು ಹಾಕಿಕೊಳ್ಳಬೇಕು. ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ, ಅದರ ಫಲವನ್ನು ಇಂದಿಗೂ ಉಣ್ಣುತ್ತಿರುವ ಜಿಲ್ಲೆ ನಮ್ಮದು. ಮಣ್ಣಿಗೆ ಬಿದ್ದದ್ದು ಮಣ್ಣಿನಲ್ಲೇ ಉಳಿಯುವುದಿಲ್ಲ ಎಂದು ಈ ನೆಲದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾನೂನಿನ ಪ್ರಕಾರವೂ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ, ಬಳಸಿದ ಎಣ್ಣೆ ಅಪಾಯಕಾರಿ ಪಟ್ಟಿಯಲ್ಲಿದೆ. ಹೊಸ ಎಣ್ಣೆಯ ಖಾಲಿ ಡಬ್ಬಕ್ಕೇ ಹಳೆಯದನ್ನು ತುಂಬಿ, ಮುಚ್ಚಳ ಬಿಗಿದು, ಹಳೆ ಎಣ್ಣೆಯನ್ನು ಬ್ಯಾರೆಲ್ಲಿನಲ್ಲಿ ಕೂಡಿಡುವ ಗ್ಯಾರೇಜಿಗೆ ಕೊಡಬೇಕು. ಹಾಗೆ ಕೊಡಲು ಜಾಗ ಗೊತ್ತಿಲ್ಲದವರು ಎಣ್ಣೆ ಬದಲಿಸುವ ಕೆಲಸವನ್ನು ಗ್ಯಾರೇಜಿಗೇ ಬಿಡುವುದು ಮೇಲು.

ಇನ್ನು ಚೈನು. ಕೆಂಪು ಕೆಸರು ಚೈನಿನ ಕೊಂಡಿಗಳ ನಡುವೆ ಹೊಕ್ಕು ಒಣಗಿದರೆ ಅರದಂತೆ ಉಜ್ಜುತ್ತದೆ. ಪೂರ್ತಿ ಕವರ್ ಇರುವ ಬೈಕುಗಳಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಕವರಿನ ಕೆಳಭಾಗದಲ್ಲಿ ಒಂದು ರಬ್ಬರ್ ಮುಚ್ಚಳ ಇರುತ್ತದೆ, ಅದನ್ನು ತೆಗೆದು ನೋಡಬೇಕು. ಕೆಳಗಿನ ಸಾಲಿನ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಹೆಚ್ಚಿನ ಸಣ್ಣ ಬೈಕುಗಳಲ್ಲಿ 20ರಿಂದ 30 ಮಿಲಿಮೀಟರ್ ಆಡಬೇಕು. ಒಂದೇ ಕಡೆ ನೋಡಿದರೆ ಸಾಲದು, ಚಕ್ರ ತಿರುಗಿಸುತ್ತ ಎಲ್ಲ ಕಡೆ ನೋಡಬೇಕು. ತೇದ ಚೈನು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇರುತ್ತದೆ. ಸಡಿಲಕ್ಕಿಂತ ಬಿಗಿ ಕೆಟ್ಟದ್ದು. ಹಿಂದೆ ಒಬ್ಬರು ಕೂತು ಹೊಂಡಕ್ಕೆ ಇಳಿದಾಗ ಬಿಗಿ ಚೈನು ಬೇರಿಂಗನ್ನೇ ಎಳೆಯುತ್ತದೆ. ಒರೆಸಲು ಸೀಮೆಎಣ್ಣೆ ಸಾಕು. ಕೊಂಡಿಗಳಲ್ಲಿ ರಬ್ಬರ್ ಉಂಗುರ ಇರುವ ಚೈನಿಗೆ ಪೆಟ್ರೋಲ್ ತಾಗಿಸಬಾರದು. ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು: ಎಂಜಿನ್ ಚಾಲೂ ಇಟ್ಟು, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯಬಾರದು. ಬಟ್ಟೆಯ ಜೊತೆ ಬೆರಳು ಸ್ಪ್ರಾಕೆಟ್ಟಿಗೆ ಹೋಗಲು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಕೀ ತೆಗೆದು ಜೇಬಿಗೆ ಹಾಕಿಯೇ ಚೈನು ಮುಟ್ಟಬೇಕು.

ಚೈನು ಹೊಂದಿಸಿದ ಮೇಲೆ ಎರಡೂ ಬದಿಯ ಗುರುತು ಸಮನಾಗಿರಬೇಕು, ಆಕ್ಸಲ್ ನಟ್ಟು ಹೇಳಿದಷ್ಟು ಬಿಗಿಯಾಗಿರಬೇಕು. ಇಲ್ಲಿಯವರೆಗೆ ಸರಿ. ಹಿಂದಿನ ಚಕ್ರವನ್ನೇ ಕಳಚುವುದಾದರೆ ಮಾತು ಬೇರೆ. ಡ್ರಮ್ ಬ್ರೇಕಿನ ಪ್ಲೇಟು ಚಕ್ರದ ಜೊತೆ ಸುತ್ತದಂತೆ ಅದನ್ನು ಹಿಡಿದು ನಿಲ್ಲಿಸುವ ಒಂದು ಪಟ್ಟಿ ಕೆಲವು ಬೈಕುಗಳಲ್ಲಿದೆ. ಮರಳಿ ಜೋಡಿಸುವಾಗ ಅದರ ನಟ್ಟು ಮರೆತರೆ ಅಂಗಳದಲ್ಲಿ ದೂಡುವಾಗ ಏನೂ ತಿಳಿಯದು. ಜೋರಾಗಿ ಬ್ರೇಕ್ ಒತ್ತಿದಾಗ ಪ್ಲೇಟೇ ಸುತ್ತಿ ಚಕ್ರ ಹಿಡಿದುಕೊಳ್ಳಬಹುದು. ನಾನು ಮೇಲೆ ಹೇಳಿದ ಪ್ರಶ್ನೆ ಇಂಥ ಜಾಗಕ್ಕಾಗಿಯೇ ಇರುವುದು. ಮೊದಲ ಸಲ ಮಾಡುವವರು ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಲಿ. ಮುಗಿಸಿದ ಮೇಲೆ ಪಕ್ಕದಲ್ಲಿ ನಿಂತ ಇನ್ನೊಬ್ಬರು ಪ್ರತಿಯೊಂದು ನಟ್ಟು, ಪಿನ್ನು ಮುಟ್ಟಿ ನೋಡಲಿ.

ಡ್ರಮ್ ಬಿಚ್ಚಿದಾಗ ಒಳಗಿನ ದೂಳನ್ನು ಬಾಯಲ್ಲಿ ಊದುವ ಅಭ್ಯಾಸ ಬಿಡಬೇಕು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನಮ್ಮ ಮಳೆಯಲ್ಲಿ ಶೂ ಸವೆಯುವುದಕ್ಕಿಂತ ಮೊದಲು ಕೈಕೊಡುವುದು ಅದನ್ನು ಅಗಲಿಸುವ ಕ್ಯಾಮ್. ಗ್ರೀಸ್ ಒಣಗಿ ತುಕ್ಕು ಹಿಡಿದು ಅದು ಮರಳುವುದೇ ಇಲ್ಲ, ಬ್ರೇಕ್ ಹಿಡಿದೇ ಇರುತ್ತದೆ. ಸ್ವಲ್ಪ ಗ್ರೀಸ್ ಸಾಕು, ಹೆಚ್ಚಾದರೆ ಶೂಗೆ ತಾಗುತ್ತದೆ.

ಡಿಸ್ಕ್ ಬ್ರೇಕಿನ ಪ್ಯಾಡ್ ಬದಲಿಸುವುದು ಕಲಿತವರಿಗೆ ಮನೆಯ ಕೆಲಸವೇ. ಆದರೆ ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ಒತ್ತಿರುತ್ತೇವಲ್ಲ, ಮೊದಲ ಸಲ ಲಿವರ್ ಹಿಡಿದರೆ ಅದು ಖಾಲಿ ಹೋಗುತ್ತದೆ. ಬೈಕ್ ಸ್ಟ್ಯಾಂಡಿನಲ್ಲಿರುವಾಗಲೇ ಲಿವರನ್ನು ಮತ್ತೆ ಮತ್ತೆ ಹಿಡಿದು ಗಟ್ಟಿಯಾದ ಮೇಲೆಯೇ ಕದಲಬೇಕು. ಬ್ರೇಕ್ ಆಯಿಲ್‌ನ ವಿಷಯಕ್ಕೆ ನಾನು ಗ್ಯಾರೇಜಿನ ಕಡೆ. ಅದು ಗಾಳಿಯ ತೇವ ಹೀರುವ ದ್ರವ, ನಮ್ಮಂಥ ಊರಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 4 ದರ್ಜೆಯದ್ದು ಹೊಸತಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯುತ್ತದೆ; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿತದಲ್ಲಿ ಬ್ರೇಕ್ ಕಾದು ಅದು ಕುದಿದರೆ ಲಿವರ್ ಮೆತ್ತಗಾಗಿ ಹ್ಯಾಂಡಲ್ಲಿಗೆ ಬಂದು ತಾಗುತ್ತದೆ. ಅಂಗಳದಲ್ಲಿ ಎಷ್ಟು ಹಿಡಿದು ನೋಡಿದರೂ ಈ ದೋಷ ಕಾಣಿಸದು. ಎರಡು ವರ್ಷಕ್ಕೊಮ್ಮೆ ಬದಲಿಸಲು ಕೊಡಬೇಕು. ಎಬಿಎಸ್ ಇರುವ ಕೆಲವು ಬೈಕುಗಳಲ್ಲಿ ಒಳಗಿನ ಗಾಳಿ ತೆಗೆಯಲು ಕಂಪನಿಯ ಯಂತ್ರವೇ ಬೇಕಾಗುತ್ತದೆ.

ಬ್ಯಾಟರಿ ಕಳಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಅದು ಕೊನೆಗೆ. ಪ್ಲಗ್ಗನ್ನು ಎಂಜಿನ್ ತಣಿದಿರುವಾಗ ಮಾತ್ರ ತೆಗೆಯಬೇಕು, ಹಾಕುವಾಗ ಬೆರಳಿನಲ್ಲೇ ಥ್ರೆಡ್ ಹಿಡಿಸಬೇಕು. ಕ್ಲಚ್ ಲಿವರಿಗೆ 10ರಿಂದ 20 ಮಿಲಿಮೀಟರ್ ಸಡಿಲ. ಮಳೆಗಾಲಕ್ಕೆಂದು ಟಯರಿನ ಗಾಳಿ ಇಳಿಸುವವರಿದ್ದಾರೆ, ಅದು ತಪ್ಪು. ಗಾಳಿ ಕಡಿಮೆಯಾದರೆ ನೀರನ್ನು ಬದಿಗೆ ತಳ್ಳುವ ಸಾಲುಗಳು ಮುಚ್ಚಿಕೊಂಡು ಟಯರ್ ನೀರ ಮೇಲೆ ತೇಲುತ್ತದೆ.

ತೊಳೆಯುವ ವಿಷಯದಲ್ಲಿ ನಮ್ಮ ತೋಟಗಳಿಗೇ ವಿಶೇಷವಾದ ಒಂದು ಸಂಗತಿ ಇದೆ. ಅಡಕೆಗೆ ಮದ್ದು ಬಿಡುವ ಪಂಪಿನಿಂದಲೇ ಬೈಕ್ ತೊಳೆಯುವವರು ಬಹಳ ಮಂದಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ ಹಾಕಿದ ಬೋರ್ಡೋ ದ್ರಾವಣ ಓಡಿದ ಪೈಪಿನಲ್ಲಿ ತಾಮ್ರ ಉಳಿದಿರುತ್ತದೆ, ತಾಮ್ರದ ಲವಣ ಅಲ್ಯೂಮಿನಿಯಂಗೆ ದೊಡ್ಡ ಶತ್ರು. ಎಂಜಿನ್‌ನ ಮೈಯಲ್ಲಿ, ಅಲಾಯ್ ಚಕ್ರದಲ್ಲಿ ಬಿಳಿ ಪುಡಿ ಏಳುವುದು, ಗುಳಿ ಬೀಳುವುದು ಹಾಗೆ. ಮೈಲುತುತ್ತಿನ ಚೀಲ ಹೊತ್ತು ತಂದ ದಿನ ಬೈಕಿಗೆ ಒಳ್ಳೆಯ ನೀರು ಹಾಕಬೇಕು. ಪಂಪಿನ ಒತ್ತಡವನ್ನು ಚಕ್ರದ ನಡುಭಾಗಕ್ಕೂ ಹ್ಯಾಂಡಲ್ಲಿನ ಬುಡಕ್ಕೂ ಹಿಡಿಯಬಾರದು. ಒಳಗಿನ ಗ್ರೀಸ್ ಹೋಗಿ ಆ ಜಾಗಕ್ಕೆ ನೀರು ಸೇರುತ್ತದೆ.

ಟ್ಯಾಪೆಟ್ ಶಬ್ದ ಕೇಳಿ ಸ್ಕ್ರೂ ಬಿಗಿ ಮಾಡುವವರನ್ನು ತಡೆಯಬೇಕೆನಿಸುತ್ತದೆ. ಅಲ್ಲಿನ ಅಂತರ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕ. ಎಂಜಿನ್ ಪೂರ್ತಿ ತಣಿದಿರುವಾಗ ತೆಳು ಪಟ್ಟಿಗಳಿಂದ ಅಳೆದು ಹೊಂದಿಸುವಂಥದ್ದು. ಶಬ್ದ ನಿಂತಿತೆಂದು ಸಂತೋಷಪಟ್ಟರೆ, ಬಿಗಿಯಾದ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚದೆ ಕೆಲವು ಸಾವಿರ ಕಿಲೋಮೀಟರಿನಲ್ಲಿ ಸುಟ್ಟುಹೋಗುತ್ತದೆ. ಹ್ಯಾಂಡಲ್ಲಿನ ಕೋನ್ ಸೆಟ್, ಮುಂದಿನ ಫೋರ್ಕ್, ಇಂಜೆಕ್ಟರ್, ಟ್ಯಾಂಕಿನೊಳಗಿನ ಪಂಪು ಇವೂ ಗ್ಯಾರೇಜಿನ ಪಾಲಿಗೆ ಇರಲಿ. ಇಂಜೆಕ್ಷನ್ ಬೈಕಿನ ಪೈಪಿನಲ್ಲಿ ಪೆಟ್ರೋಲ್ ಸುಮಾರು 3 ಬಾರ್ ಒತ್ತಡದಲ್ಲಿರುತ್ತದೆ. ಬಿಚ್ಚಿದರೆ ಬಿಸಿ ಎಂಜಿನ್ ಮೇಲೆ ಚಿಮ್ಮಬಹುದು. ವಾರಂಟಿ ಇರುವ ಬೈಕಾದರೆ ಉಚಿತ ಸರ್ವಿಸ್‌ಗಳನ್ನು ತಪ್ಪಿಸದೆ ಮಾಡಿಸಿ, ಮನೆಯ ಕೆಲಸವನ್ನು ಚೈನು, ಗಾಳಿ, ಕೇಬಲ್ಲಿಗೆ ಸೀಮಿತ ಮಾಡಿಕೊಳ್ಳುವುದು ಲೇಸು.

ಗಲ್ಫಿನಲ್ಲಿರುವವರ ಬೈಕುಗಳ ಕಥೆ ಬೇರೆಯೇ. ವರ್ಷಕ್ಕೊಮ್ಮೆ ರಜೆಗೆ ಬಂದು, ಟಾರ್ಪಾಲಿನ ಅಡಿಯಿಂದ ಎಳೆದು, ಅದೇ ದಿನ ಸ್ಟಾರ್ಟ್ ಮಾಡಿ ಓಡಿಸುವ ಆತುರ ಸಹಜ. ಇಲಿ ವೈರ್ ಕಡಿದಿದೆಯೇ, ಸೈಲೆನ್ಸರಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆಯೇ, ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಮೊದಲು ನೋಡಬೇಕು. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಟ್ಯಾಂಕಿನ ಬಗ್ಗೆಯೂ ಎಚ್ಚರ ಬೇಕು: ಎಥೆನಾಲ್ ನೀರನ್ನು ಸೆಳೆಯುತ್ತದೆ, ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪು ಮೊದಲು ಹೀರುವುದು ಅದನ್ನೇ. ಹಳೆ ಪೆಟ್ರೋಲ್ ಖಾಲಿ ಮಾಡಿಸಲು, ಬ್ಯಾಟರಿ ಚಾರ್ಜ್ ಮಾಡಲು ಎರಡು ದಿನ ಹೋದರೂ ಉಳಿದ ರಜೆ ಚೆನ್ನಾಗಿ ಕಳೆಯುತ್ತದೆ.

ಮನೆಯಲ್ಲಿ ಸರ್ವಿಸ್ ಮಾಡಿದರೆ ಗ್ಯಾರೇಜಿನವರೊಡನೆ ಮಾತೂ ಬದಲಾಗುತ್ತದೆ. “ಎಂತದೋ ಶಬ್ದ ಬರ್ತದೆ ಅಣ್ಣ, ಒಮ್ಮೆ ನೋಡಿ” ಎನ್ನುತ್ತಿದ್ದವರು “ಹಿಂದಿನ ಚಕ್ರದಲ್ಲಿ, ಎಡಕ್ಕೆ ತಿರುಗುವಾಗ ಮಾತ್ರ, ಚೈನು ನೋಡಿ ಆಗಿದೆ” ಎನ್ನಲು ಕಲಿಯುತ್ತಾರೆ. ಅದು ಮೆಕ್ಯಾನಿಕ್‌ಗೆ ಅರ್ಧ ಗಂಟೆಯ ಹುಡುಕಾಟ ಉಳಿಸುವ ಮಾತು. ಏನು ಬಿಚ್ಚಿದ್ದೇವೆ ಎಂಬುದನ್ನು ಮುಚ್ಚಿಡದೆ ಹೇಳಬೇಕು. ತಾರೀಕು, ಕಿಲೋಮೀಟರ್, ಹಾಕಿದ ಎಣ್ಣೆಯ ದರ್ಜೆ, ಬದಲಿಸಿದ ಭಾಗ ಇಷ್ಟನ್ನು ಬೈಕಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟರೆ ಅವರಿಗೂ ನಮಗೂ ಉಪಕಾರ, ಮಾರುವ ದಿನ ಬೆಲೆಯೂ ನಿಲ್ಲುತ್ತದೆ.

ಕೆಲಸ ಮುಗಿದ ದಿನವೇ ದೂರ ಹೊರಡಬಾರದು. ಅಂಗಳದಲ್ಲಿ ದೂಡಿ ಮುಂದಿನ, ಹಿಂದಿನ ಬ್ರೇಕನ್ನು ಬೇರೆ ಬೇರೆಯಾಗಿ ಹಿಡಿದು ನೋಡಿ, ಆಮೇಲೆ ಮನೆಯ ಬಳಿಯ ಸಪಾಟು ದಾರಿಯಲ್ಲಿ ನಿಧಾನ ಒಂದು ಸುತ್ತು. ರಾತ್ರಿ ಎಂಜಿನ್ ಅಡಿಗೆ ಹಳೆ ಪೇಪರ್ ಹಾಸಿಟ್ಟರೆ ಡ್ರೈನ್ ಬೋಲ್ಟ್ ಒಸರುತ್ತಿದೆಯೇ ಎಂದು ಬೆಳಿಗ್ಗೆ ತಿಳಿಯುತ್ತದೆ. ನೂರು ಕಿಲೋಮೀಟರ್ ಆದ ಮೇಲೆ ಚೈನಿನ ಸಡಿಲ, ಆಕ್ಸಲ್ ನಟ್ಟು, ಎಣ್ಣೆಯ ಮಟ್ಟ ಮತ್ತೊಮ್ಮೆ ನೋಡಬೇಕು. ಮಳೆ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ, ಚಕ್ರದ ಬೇರಿಂಗ್, ಕೋನ್ ಸೆಟ್ ಮತ್ತು ಬ್ರೇಕ್ ಶೂ ನೋಡಿಸಲು ಗ್ಯಾರೇಜಿಗೆ ಒಂದು ದಿನ ಕೊಡಬೇಕು.